ದುಡಿಯುವ ಕಣ್ಣು

ಸ್ಪಷ್ಟ ದೃಷ್ಟಿಯನ್ನು ಅಳೆಯುವ ಪದ್ಧತಿ ಜಗತ್ತಿನಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಆರು ಮೀಟರ್ ದೂರದಲ್ಲಿ ತೂಗುಹಾಕಿದ ಫಲಕದ ಅಕ್ಷರಗಳನ್ನು ಒಂದೊಂದೇ ಕಣ್ಣು ಮುಚ್ಚಿಕೊಂಡು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಬೇಕು. ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಈ ಫಲಕವೇ ಇಂದಿನ ಕಣ್ಣಿನ ಪರೀಕ್ಷೆಗೂ ತಳಹದಿ. ಆರೋಗ್ಯವಾದ ಕಣ್ಣಿನ ನೋಟವನ್ನು 6/6 ಎಂದು ಬರೆಯುತ್ತಾರೆ. 6/18 ಎಂದು ಬರೆದರೆ, ಬೇರೆಯವರು ಹದಿನೆಂಟು ಮೀಟರಿನಿಂದ ಓದುವ ಅಕ್ಷರವನ್ನು ಓದಲು ಆ ಮನುಷ್ಯ ಆರು ಮೀಟರಿನಷ್ಟು ಹತ್ತಿರ ಬರಬೇಕು. ಎರಡು ಕಣ್ಣುಗಳಲ್ಲಿ ಚೆನ್ನಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಾದರೆ ಭಾರತದ ಲೆಕ್ಕದಲ್ಲಿ ಅದು ಅಂಧತ್ವ. 2017ರವರೆಗೆ ಈ ಗೆರೆ 6/60ರಲ್ಲಿತ್ತು; ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದಿಸಲು ಅದನ್ನು ಕೆಳಗಿಳಿಸಲಾಯಿತು. ಅದರಿಂದ ಕಾಗದದ ಮೇಲೆ ಅಂಧರ ಸಂಖ್ಯೆ ತಗ್ಗಿತೇ ಹೊರತು ಯಾರಿಗೂ ಹೊಸದಾಗಿ ಕಣ್ಣು ಬಂದಿರಲಿಲ್ಲ.

ಆರು ಮೀಟರಿನ ಫಲಕ ದೂರದ ನೋಟವನ್ನಷ್ಟೇ ಹೇಳುತ್ತದೆ. ಮನುಷ್ಯನ ದುಡಿಮೆಯ ಬಹುಪಾಲು ನಡೆಯುವುದು ಕೈಯಳತೆಯಲ್ಲಿ. ಆದ್ದರಿಂದ ಕೆಲಸ ಮಾಡುವವರ ದೃಷ್ಟಿಯ ಬೆಲೆಯನ್ನು ತಿಳಿಯಲು ಒಂದು ಊರಿನ ದುಡಿಮೆಯನ್ನೇ ಎದುರಿಗಿಟ್ಟುಕೊಳ್ಳುವುದು ಲೇಸು. ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆ ಅದಕ್ಕೆ ತಕ್ಕ ಜಾಗ. ಕನ್ನಡ ಮಾತಾಡುವ, ತಮಿಳಿನಲ್ಲಿ ಅರ್ಜಿ ಬರೆಯಬೇಕಾದ ಸೀಮೆ ಅದು. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಜಿಲ್ಲೆ ಒಡೆದು ಈರೋಡು ಬೇರೆಯಾದಾಗ ಈ ಭಾಗ ಅತ್ತ ಸೇರಿತು. ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಟ್ಟದ 27 ಹಿಮ್ಮುರಿ ತಿರುವುಗಳನ್ನು ದಾಟಬೇಕು. ಚಾಮರಾಜನಗರಕ್ಕೆ ಘಟ್ಟವಿಲ್ಲದ ದಾರಿಯಿದೆ, ನಡುವೆ ರಾಜ್ಯದ ಗಡಿಯಿದೆ.

ಇಲ್ಲಿನ ಹೊಲದ ಕೆಲಸಕ್ಕೆ ಮೈಬಲವೊಂದೇ ಸಾಲದು. ಬಿತ್ತನೆಯ ಆಲೂಗಡ್ಡೆಯನ್ನು ಕೊಯ್ಯುವಾಗ ಪ್ರತಿ ಹೋಳಿನಲ್ಲೂ ಒಂದಾದರೂ ಕಣ್ಣು ಉಳಿಯಬೇಕು. ಕಬ್ಬಿನ ತುಂಡಿಗೂ ಅಷ್ಟೇ. ಎಲೆಕೋಸಿನ ಎಲೆಯಡಿ ಅಂಟಿಕೊಳ್ಳುವ ಹಸಿರು ಹುಳು ಎಳೆಯದಾಗಿದ್ದಾಗ ಎಲೆಯ ಬಣ್ಣದಲ್ಲೇ ಇರುತ್ತದೆ, ಅದು ಕಾಣುವಷ್ಟು ದೊಡ್ಡದಾಗುವ ಹೊತ್ತಿಗೆ ಎಲೆ ತೂತಾಗಿರುತ್ತದೆ. ರಾಗಿಯಲ್ಲಿ ಕಲ್ಲು ಆರಿಸುವುದು, ಹೂ ಕಟ್ಟುವುದು, ಸೂಜಿಗೆ ದಾರ ಪೋಣಿಸುವುದು, ಪಡಿತರದ ಚೀಟಿ ನೋಡುವುದು, ಮೊಬೈಲಿಗೆ ಬಂದ ಬ್ಯಾಂಕಿನ ಆರಂಕಿಯ ಸಂಖ್ಯೆ ಓದುವುದು, ಇವೆಲ್ಲ ಹತ್ತಿರದ ನೋಟದ ಕೆಲಸಗಳು. ಇವುಗಳಲ್ಲಿ ಅಪಾಯದ್ದು ಕೀಟನಾಶಕದ ಡಬ್ಬಿ. ವಿಷದ ತೀವ್ರತೆ ಹೇಳಲು ಭಾರತದಲ್ಲಿ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಕಡ್ಡಾಯ. ಬಣ್ಣ ಯಾರಿಗಾದರೂ ಕಾಣುತ್ತದೆ. ಎಷ್ಟು ನೀರಿಗೆ ಎಷ್ಟು ಮಿಲಿಲೀಟರ್ ಬೆರೆಸಬೇಕು, ಸಿಂಪಡಿಸಿ ಎಷ್ಟು ದಿನದ ಮೇಲೆ ಕೊಯ್ಯಬೇಕು ಎನ್ನುವುದನ್ನು ಮಾತ್ರ ಇರುವೆಸಾಲಿನಂಥ ಅಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ನಲವತ್ತೈದು ದಾಟಿದ ರೈತ ಅದನ್ನು ಓದದೆ ಅಂದಾಜಿನಲ್ಲಿ ಸುರಿಯುತ್ತಾನೆ. ಇದನ್ನು ಅಜ್ಞಾನವೆಂದು ಬರೆದುಬಿಡುವ ವರದಿಗಳು ಅವನ ಕಣ್ಣನ್ನು ಒಮ್ಮೆ ಪರೀಕ್ಷಿಸಿದ್ದರೆ ಬೇರೆ ಮಾತು ಬರೆಯುತ್ತಿದ್ದವೇನೋ.

ರಾತ್ರಿಯ ಕೆಲಸವೂ ಇದೆ. ತಾಳವಾಡಿಯ ಹೊಲಗಳು ಸತ್ಯಮಂಗಲ ಹುಲಿ ಸಂರಕ್ಷಿತ ಅರಣ್ಯದ ಅಂಚಿನಲ್ಲಿವೆ. ಕಬ್ಬು, ಬಾಳೆ, ರಾಗಿ ತೆನೆಗೆ ಬರುವ ಆನೆಯನ್ನು ಓಡಿಸಲು ಕಾವಲು ಕೂರುವುದು ಇಲ್ಲಿನ ಕೃಷಿಯ ಭಾಗವೇ ಆಗಿದೆ. ಈ ಸೀಮೆಯ ರೈತರನ್ನು ನಡುಗಿಸಿದ್ದ ‘ಕರುಪ್ಪನ್’ ಎಂಬ ಒಂಟಿಸಲಗವನ್ನು ಪಳಗಿದ ಆನೆಗಳ ನೆರವಿನಿಂದ 2023ರ ಏಪ್ರಿಲಿನಲ್ಲಿ ಸೆರೆಹಿಡಿಯಲಾಯಿತು. ಕತ್ತಲಲ್ಲಿ ನಿಂತ ಆನೆ ಕತ್ತಲಿನಂತೆಯೇ ಕಾಣುತ್ತದೆ. ಕಣ್ಣಿನಲ್ಲಿ ಪೊರೆ ಬೆಳೆಯುತ್ತಿರುವವನಿಗೆ ಮಬ್ಬು ಬೆಳಕಿನಲ್ಲಿ ಆಕಾರಗಳು ಕಲಸಿಹೋಗುತ್ತವೆ, ಎದುರಿನಿಂದ ಬಿದ್ದ ಬ್ಯಾಟರಿ ಬೆಳಕು ಕಣ್ಣಿನೊಳಗೇ ಚದುರಿ ಮತ್ತಷ್ಟು ಕುಕ್ಕುತ್ತದೆ. ದಿಂಬಂ ಘಟ್ಟದಲ್ಲಿ ಮಂಜಿನ ನಡುವೆ ಲಾರಿ ಓಡಿಸುವವನ ಪಾಡೂ ಇದೇ. ಕಾವಲಿನ ಅಟ್ಟಣೆಯಲ್ಲಿ ಆಗಲಿ ಲಾರಿಯಲ್ಲಾಗಲಿ ಒಂದೆರಡು ಕ್ಷಣ ಮೊದಲು ಕಾಣುವುದೇ ಜೀವ ಉಳಿಸುವ ಸಂಗತಿ.

ಇಷ್ಟು ಬೆಲೆಯುಳ್ಳ ದೃಷ್ಟಿ ಮಂಕಾದರೂ ಜನ ಸುಮ್ಮನಿರುವುದೇಕೆ? ಅದು ಹೋಗುವ ರೀತಿಯೇ ಹಾಗೆ. ಕಾಲು ಮುರಿದರೆ ಆ ಕ್ಷಣವೇ ಗೊತ್ತಾಗುತ್ತದೆ. ಕಣ್ಣು ದಿನಕ್ಕೊಂದಿಷ್ಟರಂತೆ ಮಂಕಾಗುತ್ತದೆ, ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಕಾಣದು. ಕಣ್ಣಿನೊಳಗಿನ ಮಸೂರ ಎಳವೆಯಲ್ಲಿ ಮೆತ್ತಗಿರುತ್ತದೆ. ಸುತ್ತಲಿನ ಸ್ನಾಯು ಬಿಗಿದಾಗ ಉಬ್ಬಿ ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುತ್ತದೆ. ಹತ್ತು ವರ್ಷದ ಮಗು ಏಳೆಂಟು ಸೆಂಟಿಮೀಟರ್ ದೂರದ ಅಕ್ಷರವನ್ನೂ ಓದಬಲ್ಲದು. ವಯಸ್ಸು ಏರಿದಂತೆ ಮಸೂರ ಗಡುಸಾಗಿ, ನಲವತ್ತರ ಆಚೀಚೆ ಪುಸ್ತಕವನ್ನು ತೋಳು ಚಾಚಿ ಹಿಡಿಯುವ ಅಭ್ಯಾಸ ಶುರುವಾಗುತ್ತದೆ. ಇದು ಚಾಳೀಸು. ಯಾರನ್ನೂ ಬಿಡುವುದಿಲ್ಲ, ಔಷಧಿಯಿಂದ ಹಿಂದಿರುಗುವುದಿಲ್ಲ, ಒಂದು ಜೊತೆ ಓದುಗನ್ನಡಕದಿಂದ ಪೂರ್ತಿ ಸರಿಹೋಗುತ್ತದೆ. ವೈದ್ಯಶಾಸ್ತ್ರದಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಪೂರ್ಣವಾಗಿ ಪರಿಹಾರವಾಗುವ ತೊಂದರೆ ಇನ್ನೊಂದು ಸಿಗುವುದು ಕಷ್ಟ. ಆದರೂ ಹಳ್ಳಿಗಳಲ್ಲಿ ಓದುಗನ್ನಡಕ ಪಟೇಲರು, ಮೇಷ್ಟ್ರುಗಳ ಲಕ್ಷಣವೆಂದೇ ಬಹುಕಾಲ ನಡೆದುಕೊಂಡು ಬಂತು. ಓದುಬರಹ ಬಾರದವಳಿಗೆ ಓದುಗನ್ನಡಕವೇಕೆ ಎಂಬ ಪ್ರಶ್ನೆಗೆ ರಾಗಿ ಆರಿಸುವ ಮೊರದ ಮುಂದೆ ಯಾವ ಅರ್ಥವೂ ಇಲ್ಲ.

ಕನ್ನಡಕಕ್ಕೂ ಕೂಲಿಗೂ ಇರುವ ಸಂಬಂಧವನ್ನು ಅಳೆದು ತೋರಿಸಿದ ಅಧ್ಯಯನಗಳಿವೆ. 2017ರಲ್ಲಿ ಅಸ್ಸಾಮಿನ ಚಹಾ ತೋಟಗಳಲ್ಲಿ, ಚಾಳೀಸು ಬಂದಿದ್ದ ನಲವತ್ತು ವರ್ಷ ಮೇಲ್ಪಟ್ಟ 751 ಕೊಯ್ಲುಗಾರರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಆಗಲೇ ಕನ್ನಡಕ ಕೊಟ್ಟರು, ಇನ್ನೊಂದಕ್ಕೆ ಅಧ್ಯಯನ ಮುಗಿದ ಮೇಲೆ. ಹಂಗಾಮು ಮುಂದುವರಿದಂತೆ ಎರಡೂ ಗುಂಪಿನ ಕೊಯ್ಲು ಏರಿತು, ಏಕೆಂದರೆ ಸೊಪ್ಪೇ ಹೆಚ್ಚಿತ್ತು. ಆದರೆ ಕನ್ನಡಕ ಹಾಕಿದವರು ಮಿಕ್ಕವರಿಗಿಂತ ದಿನಕ್ಕೆ ಐದು ಕಿಲೋಗೂ ಮಿಕ್ಕಿ ಹೆಚ್ಚಾಗಿ ಚಿಗುರು ಕಿತ್ತರು. ಶೇಕಡ ಲೆಕ್ಕದಲ್ಲಿ ಇದು ಸುಮಾರು 22. ಚಹಾ ಕೊಯ್ಲಿನಲ್ಲಿ ತೂಕಕ್ಕೆ ತಕ್ಕ ಕೂಲಿ ಇರುವುದರಿಂದ ಇದು ನೇರವಾಗಿ ಕೈಗೆ ಬರುವ ಹಣ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕುಶಲಕರ್ಮಿಗಳು, ದರ್ಜಿಗಳು, ಅಂಗಡಿಯವರು ಮುಂತಾದ 824 ಮಂದಿಯನ್ನು ಗಮನಿಸಿತು. ಓದುಗನ್ನಡಕ ಸಿಕ್ಕವರ ತಿಂಗಳ ಆದಾಯ ಎಂಟು ತಿಂಗಳಲ್ಲಿ ಮೂರನೆಯ ಒಂದರಷ್ಟು ಹೆಚ್ಚಿತ್ತು. ಗೊಬ್ಬರ, ಹೊಸ ತಳಿ, ತರಬೇತಿ ಯಾವುದೂ ಇಲ್ಲದೆ, ಇರುವ ಕೈಚಳಕಕ್ಕೆ ಕಣ್ಣನ್ನು ಮರಳಿಸಿದ್ದರಿಂದಲೇ ಇಷ್ಟು ಗಳಿಕೆ. ಆಲೂಗಡ್ಡೆ ಮತ್ತು ಎಲೆಕೋಸಿನ ಬಗ್ಗೆ ಇದೇ ಸಂಖ್ಯೆಯನ್ನು ಹೇಳಲಾಗದು. ದಿನಗೂಲಿಗೆ ದುಡಿಯುವವರಿಗೆ ಕಿಲೋ ಲೆಕ್ಕ ಅನ್ವಯಿಸದು, ಅವರ ಮಟ್ಟಿಗೆ ಕಣ್ಣಿನ ಲಾಭ ಕೂಲಿ ಏರುವುದರಲ್ಲಿ ಕಾಣದೆ ಇನ್ನೂ ಹತ್ತು ವರ್ಷ ಕೆಲಸಕ್ಕೆ ಕರೆಸಿಕೊಳ್ಳುವುದರಲ್ಲಿ ಕಂಡೀತು.

ಮಕ್ಕಳ ವಿಷಯ ಬೇರೆ. ದೊಡ್ಡವರು ಹಿಂದೆ ಕಂಡದ್ದನ್ನು ನೆನೆದು ಈಗ ಕಾಣುತ್ತಿಲ್ಲವೆಂದು ತಿಳಿಯಬಲ್ಲರು. ಚಿಕ್ಕಂದಿನಿಂದಲೇ ದೂರದ್ದು ಮಸುಕಾಗಿರುವ ಮಗುವಿಗೆ ಲೋಕ ಇರುವುದೇ ಹಾಗೆ. ಕರಿಹಲಗೆ ಕಾಣದ ಹುಡುಗ ದಡ್ಡನೆಂಬ ಹೆಸರು ಹೊತ್ತು ಕೊನೆಯ ಬೆಂಚಿಗೆ ಹೋಗುತ್ತಾನೆ, ಅಲ್ಲಿಂದ ಹಲಗೆ ಇನ್ನೂ ಕಾಣುವುದಿಲ್ಲ. ಚೀನಾದ ಸುಮಾರು 250 ಗ್ರಾಮೀಣ ಶಾಲೆಗಳಲ್ಲಿ ಸಮೀಪದೃಷ್ಟಿಯ ಮಕ್ಕಳಿಗೆ ಕನ್ನಡಕ ಹಂಚಿ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಣಿತದ ಅಂಕಗಳು ಏರಿದ್ದು ಕಂಡುಬಂತು. ತಾಳವಾಡಿಯ ಕನ್ನಡ ಮಾಧ್ಯಮದ ಮಕ್ಕಳ ಕಣ್ಣಿಗೆ ಹೊರೆ ಇನ್ನೊಂದಿಷ್ಟು ಹೆಚ್ಚು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯಿದೆಯಿಂದಾಗಿ ಅವರು ಎರಡು ದುಂಡು ಲಿಪಿಗಳನ್ನು ಹಲಗೆಯ ಮೇಲಿನಿಂದ ಬಿಡಿಸಿಕೊಳ್ಳಬೇಕು. ಲಿಪಿಯ ತೊಡಕು ವಯಸ್ಸಾದವರನ್ನೂ ಬಿಡದು. ಕನ್ನಡ ಮಾತ್ರ ಓದಬಲ್ಲ ಹಿರಿಯರನ್ನು ತಮಿಳು ಅಕ್ಷರದ ಫಲಕದ ಮುಂದೆ ಕೂರಿಸಿದರೆ, ಅಕ್ಷರ ಗೊತ್ತಿಲ್ಲದ್ದು ಕಣ್ಣು ಕಾಣದ್ದಾಗಿ ದಾಖಲಾದೀತು. ಇಂಗ್ಲಿಷಿನ ‘ಇ’ ಅಕ್ಷರದ ಆಕಾರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಫಲಕದಲ್ಲಿ ಈ ಕಾಟವಿಲ್ಲ. ಬಾಯಿ ಯಾವ ಕಡೆ ತೆರೆದಿದೆ ಎಂದು ಬೆರಳಿನಲ್ಲಿ ತೋರಿಸಿದರೆ ಸಾಕು.

ಐದು ವರ್ಷದೊಳಗಿನ ಮಕ್ಕಳಲ್ಲಿ ‘ಎ’ ಜೀವಸತ್ವದ ಕೊರತೆಯಿಂದ ಬರುವ ಇರುಳುಗಣ್ಣು ಒಂದು ಕಾಲದಲ್ಲಿ ದೊಡ್ಡ ಪೀಡೆಯಾಗಿತ್ತು. ಒಂಬತ್ತನೆಯ ತಿಂಗಳಿಂದ ಆರಾರು ತಿಂಗಳಿಗೊಮ್ಮೆ ಕೊಡುವ ದ್ರಾವಣ, ನುಗ್ಗೆಸೊಪ್ಪು, ಪರಂಗಿಹಣ್ಣು ಅದನ್ನು ಹಿಂದೆ ಸರಿಸಿವೆ.

ಕನ್ನಡಕದಿಂದ ಸರಿಹೋಗದ ಮಂಜಿನ ಮುಖ್ಯ ಕಾರಣ ಪೊರೆ. ಮಸೂರದ ಪ್ರೋಟೀನುಗಳು ಗರಣೆಗಟ್ಟಿ ಪಾರದರ್ಶಕತೆ ಹೋಗುವುದೇ ಪೊರೆ. ಮುಪ್ಪು ಇದಕ್ಕೆ ಮೊದಲ ಕಾರಣ. ಬಿಸಿಲು, ಬೀಡಿ, ಸಕ್ಕರೆ ಕಾಯಿಲೆ ಅದನ್ನು ಬೇಗ ಬರಿಸುತ್ತವೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತು ವರ್ಷ ಮೇಲ್ಪಟ್ಟ ಭಾರತೀಯರಲ್ಲಿ ಶೇ. 1.99 ಮಂದಿ ಅಂಧರು, ಅದರಲ್ಲಿ ಮೂರನೆಯ ಎರಡರಷ್ಟು ಪೊರೆಯಿಂದಾದದ್ದು. ಕೆಲವು ನಿಮಿಷಗಳ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬಹುದಾದ ಅಂಧತ್ವ ಇಷ್ಟು ಉಳಿದಿದೆ. ಒಬ್ಬ ಅಜ್ಜಿಗೆ ಕಣ್ಣು ಕಾಣದಾದರೆ ಮನೆಯಲ್ಲಿ ಇಬ್ಬರ ದುಡಿಮೆ ನಿಲ್ಲುತ್ತದೆ. ಅಜ್ಜಿ ನೋಡಿಕೊಳ್ಳುತ್ತಿದ್ದ ಒಲೆ, ಕರು, ಕೂಸು ಬೇರೆಯವರ ಪಾಲಿಗೆ ಬರುತ್ತವೆ. ಅಜ್ಜಿಯ ಕೈ ಹಿಡಿದು ನಡೆಸಲು ಇನ್ನೊಬ್ಬರು ಬೇಕು, ಸಾಮಾನ್ಯವಾಗಿ ಆ ಕೆಲಸ ಶಾಲೆಗೆ ಹೋಗಬೇಕಾದ ಮೊಮ್ಮಗಳಿಗೆ ಬೀಳುತ್ತದೆ.

ಕನ್ನಡ ನಾಡಿನಲ್ಲಿ ಪೊರೆಯನ್ನು ಹಳ್ಳಿಹಳ್ಳಿಗೆ ಹುಡುಕಿಕೊಂಡು ಹೋದವರು ಡಾ. ಎಂ.ಸಿ. ಮೋದಿ. ಬಿಜಾಪುರ ಜಿಲ್ಲೆಯ, ಈಗಿನ ಬಾಗಲಕೋಟೆ ಜಿಲ್ಲೆಯ, ಬೀಳಗಿಯವರು. ಆಸ್ಪತ್ರೆಯಲ್ಲಿ ಕೂತು ರೋಗಿಗಾಗಿ ಕಾಯದೆ ಶಾಲೆ, ಛತ್ರ, ಚಪ್ಪರಗಳನ್ನೇ ಶಸ್ತ್ರಚಿಕಿತ್ಸೆಯ ಜಾಗ ಮಾಡಿಕೊಂಡ ಅವರ ಉಚಿತ ಶಿಬಿರಗಳು ದಶಕಗಳ ಕಾಲ ನಡೆದವು. ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದನ್ನೂ ಒಟ್ಟು ಆರು ಲಕ್ಷಕ್ಕೂ ಮಿಕ್ಕ ಶಸ್ತ್ರಚಿಕಿತ್ಸೆಗಳನ್ನೂ ಗಿನ್ನೆಸ್ ಪುಸ್ತಕ ದಾಖಲಿಸಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಮೋದಿಯವರ ಗುರಿಯಲ್ಲಿ ಗೊಂದಲವಿರಲಿಲ್ಲ: ಒಂದು ರೋಗ, ಒಂದು ಶಸ್ತ್ರಚಿಕಿತ್ಸೆ, ಆದಷ್ಟು ಹೆಚ್ಚು ಜನ. ಅದಕ್ಕೆ ತಕ್ಕಂತೆ ಕೆಲಸವನ್ನೂ ಹಂಚಿದ್ದರು; ರೋಗಿಯನ್ನು ಸಿದ್ಧಮಾಡುವುದು, ಮಲಗಿಸುವುದು, ಪಟ್ಟಿ ಕಟ್ಟುವುದು ಸಹಾಯಕರಿಗೆ, ಕಣ್ಣಿಗೆ ಕತ್ತಿ ಇಡುವುದು ಮಾತ್ರ ತಮಗೆ. ಆ ಕಾಲದ ಮಿತಿಯೂ ಈ ಪದ್ಧತಿಗಿತ್ತು. ತೆಗೆದ ಮಸೂರದ ಜಾಗಕ್ಕೆ ಇನ್ನೊಂದನ್ನು ಕೂರಿಸುವ ಕೃತಕ ಮಸೂರವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಪ್ರಯೋಗಿಸಿದ್ದರೂ ಅದು ಭಾರತದ ಬಡವರ ಕೈಗೆ ಬರಲು ನಾಲ್ಕು ದಶಕ ಹಿಡಿಯಿತು. ಅಲ್ಲಿಯವರೆಗೆ ಶಿಬಿರದಿಂದ ಮನೆಗೆ ಹೋದವರು ಸೋಡಾಬುಡ್ಡಿ ಗಾಜಿನ ದಪ್ಪ ಕನ್ನಡಕವನ್ನೇ ನಂಬಬೇಕಿತ್ತು. ಅದು ಒಡೆದರೆ ಮತ್ತೆ ಕತ್ತಲು, ಮುಂದಿನ ಶಿಬಿರ ಯಾವಾಗಲೋ. ಇಂದು ಶಿಬಿರಗಳು ಪರೀಕ್ಷೆಗಷ್ಟೇ ಸೀಮಿತ, ಶಸ್ತ್ರಚಿಕಿತ್ಸೆ ನಡೆಯುವುದು ಆಸ್ಪತ್ರೆಯಲ್ಲಿ.

ಆ ಮುಂದಿನ ಹೆಜ್ಜೆ ಇಟ್ಟದ್ದು ಮದುರೆ. ಡಾ. ಜಿ. ವೆಂಕಟಸ್ವಾಮಿ 1918ರಲ್ಲಿ ತಮಿಳುನಾಡಿನ ವಡಮಲಾಪುರಂ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಸೇನೆಯಲ್ಲಿ ವೈದ್ಯರಾಗಿದ್ದಾಗ ತಗುಲಿದ ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿ ಪ್ರಸೂತಿ ವೈದ್ಯರಾಗುವ ಆಸೆ ಕೈಬಿಟ್ಟರು. ಆ ಬೆರಳುಗಳಿಗೇ ಕತ್ತಿ ಹಿಡಿಯುವುದನ್ನು ಮತ್ತೆ ಕಲಿಸಿ ನೇತ್ರ ಶಸ್ತ್ರವೈದ್ಯರಾದರು. ಸರ್ಕಾರಿ ಕೆಲಸದಿಂದ ನಿವೃತ್ತರಾದ 1976ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, 11 ಹಾಸಿಗೆಗಳ ಅರವಿಂದ್ ಕಣ್ಣಿನ ಆಸ್ಪತ್ರೆ ತೆರೆದರು. ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದೂ ಅದೇ ವರ್ಷ. ‘ಬೇಡದ ಅಂಧತ್ವ’ವನ್ನು ಇಲ್ಲವಾಗಿಸುವುದು ಅವರ ಗುರಿಯಾಗಿತ್ತು; ಬಡವರ ಸೇವೆ ಎಂಬಂಥ ಅಗಲವಾದ ಮಾತನ್ನು ಅವರು ನೆಚ್ಚಲಿಲ್ಲ. ಬೇಡದ್ದು ಎಂದರೆ ತಪ್ಪಿಸಬಹುದಾದದ್ದು. ಗುರಿ ಹೀಗೆ ಕಿರಿದಾದ್ದರಿಂದ ಮಿಕ್ಕ ತೀರ್ಮಾನಗಳು ತಾವಾಗಿ ಬಂದವು. ದುಡ್ಡಿರುವವರಿಂದ ಶುಲ್ಕ ಪಡೆದು ಇಲ್ಲದವರಿಗೆ ಉಚಿತವಾಗಿ ಮಾಡುವುದು, ಶಸ್ತ್ರವೈದ್ಯ ಒಂದು ಮೇಜಿನಲ್ಲಿ ಕೆಲಸ ಮುಗಿಸುವಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧವಾಗಿರುವುದು, ಹಳ್ಳಿಯ ಹೆಣ್ಣುಮಕ್ಕಳನ್ನು ತರಬೇತುಗೊಳಿಸಿ ಪರೀಕ್ಷೆಯ ಬಹುಪಾಲು ಕೆಲಸ ಒಪ್ಪಿಸುವುದು. ಕೃತಕ ಮಸೂರದ ಬೆಲೆಯೇ ಅಡ್ಡಿಯಾದಾಗ 1992ರಲ್ಲಿ ಆರೋಲ್ಯಾಬ್ ಎಂಬ ಕಾರ್ಖಾನೆ ತೆರೆದು ಮದುರೆಯಲ್ಲೇ ತಯಾರಿಸಲು ಹೊರಟರು. ವಿದೇಶದಿಂದ ನೂರು ಡಾಲರಿನ ಆಸುಪಾಸಿಗೆ ಬರುತ್ತಿದ್ದ ಮಸೂರ ಹತ್ತು ಡಾಲರಿನ ಸುತ್ತಮುತ್ತಲಿಗೆ ಇಳಿಯಿತು.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಬಿಡಿಸದೆ ಉಳಿದಿತ್ತು. ಉಚಿತ ಶಿಬಿರ ಊರಿನ ಬಾಗಿಲಿಗೇ ಬಂದರೂ ಬರುವವರೆಷ್ಟು? ದಕ್ಷಿಣ ತಮಿಳುನಾಡಿನ ಹಳ್ಳಿಗಳಲ್ಲಿ ಇದನ್ನು ಲೆಕ್ಕ ಹಾಕಿ 1999ರಲ್ಲಿ ಪ್ರಕಟಿಸಿದ ಅಧ್ಯಯನ, ಕಣ್ಣಿನ ತೊಂದರೆ ಇದ್ದವರಲ್ಲಿ ಶಿಬಿರಕ್ಕೆ ಬಂದವರು ಶೇ. 7ರಷ್ಟು ಮಾತ್ರ ಎಂದು ಕಂಡುಕೊಂಡಿತು. ಮೋದಿಯವರ ಕಾಲದ ಜನಜಾತ್ರೆಯನ್ನು ಕಂಡವರಿಗೆ ಈ ಸಂಖ್ಯೆ ನಂಬಲಾಗದ್ದು. ಜಾತ್ರೆಯಲ್ಲಿ ಬಂದವರು ಕಾಣುತ್ತಾರೆ, ಮನೆಯಲ್ಲಿ ಉಳಿದವರು ಲೆಕ್ಕಕ್ಕೆ ಸಿಗುವುದಿಲ್ಲ. ಬಾರದಿರಲು ಭಯ, ಒಂದು ದಿನದ ಕೂಲಿ, ಜೊತೆಗೆ ಬರಲು ಆಳಿಲ್ಲದಿರುವುದು, ವಯಸ್ಸಾದ ಮೇಲೆ ಇನ್ನೇನು ನೋಡಬೇಕು ಎಂಬ ಮಾತು ಎಲ್ಲವೂ ಕಾರಣವಾದವು. ಅರವಿಂದ್ ಆಸ್ಪತ್ರೆಯ ಮುಂದಾಳುಗಳು ಈ ಫಲಿತಾಂಶವನ್ನು ಮುಚ್ಚಿಡದೆ ಅದರ ಮೇಲೆ ಹೊಸ ಏರ್ಪಾಡು ಕಟ್ಟಿದರು. 2004ರ ಸುಮಾರಿಗೆ ಆರಂಭವಾದ ದೃಷ್ಟಿ ಕೇಂದ್ರಗಳಲ್ಲಿ ವರ್ಷವಿಡೀ ತರಬೇತಾದ ಸಿಬ್ಬಂದಿ ಇರುತ್ತಾರೆ, ಅಳತೆ ತೆಗೆಯುತ್ತಾರೆ, ಕಣ್ಣಿನ ಚಿತ್ರವನ್ನು ದೂರದ ವೈದ್ಯರಿಗೆ ಕಳಿಸುತ್ತಾರೆ, ಕನ್ನಡಕವನ್ನು ಅಲ್ಲೇ ಕೊಡುತ್ತಾರೆ. ಶಸ್ತ್ರಚಿಕಿತ್ಸೆ ಬೇಕಾದವರಿಗೆ ಮಾತ್ರ ಪಯಣ.

ತಾಳವಾಡಿಯಂಥ ಕಡೆ ಈ ಕೊನೆಯ ಅಂಶವೇ ಮುಖ್ಯ. ಚಾಳೀಸಿಗಾಗಿ ಯಾರೂ ದಿಂಬಂ ಘಟ್ಟ ಇಳಿಯಲಾರರು. ಬಸ್ಸಿನ ದುಡ್ಡು, ಕಳೆದುಹೋದ ಕೂಲಿ ಸೇರಿದರೆ ಕನ್ನಡಕಕ್ಕಿಂತ ದಾರಿಯ ಖರ್ಚೇ ಹೆಚ್ಚಾಗುತ್ತದೆ. ಕಾಡುಪ್ರಾಣಿಗಳ ಸಲುವಾಗಿ 2022ರಿಂದ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂದಿದೆ. ಸ್ಥಳೀಯರಿಗೂ ತುರ್ತು ವಾಹನಗಳಿಗೂ ವಿನಾಯಿತಿ ಇದ್ದರೂ ಸಂಜೆಯ ಲೆಕ್ಕ ಹಾಕಿಕೊಂಡೇ ಹೊರಡಬೇಕು. ಒಳಗಿನ ಸೋಲಿಗರ ಮತ್ತು ಊರಾಳಿಗಳ ಹಾಡಿಗಳಿಗೆ ತಾಳವಾಡಿ ಪೇಟೆಯೇ ದೂರ. ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ್ದು, ಸೋಲಿಗರ ಪೋಡುಗಳಿಗೆ ವೈದ್ಯನೇ ನಡೆದು ಹೋಗಬೇಕೆಂಬ ತಿಳಿವಳಿಕೆಯ ಮೇಲೆ. ಕಣ್ಣಿನ ಅಳತೆಗೆ ವೈದ್ಯನೂ ಬೇಕಿಲ್ಲ. ಫಲಕ, ಅಳತೆಯ ಹಗ್ಗ, ನಾಲ್ಕೈದು ಶಕ್ತಿಯ ಓದುಗನ್ನಡಕಗಳ ಪೆಟ್ಟಿಗೆ ಇದ್ದರೆ ತರಬೇತಾದ ಆರೋಗ್ಯ ಕಾರ್ಯಕರ್ತೆ ಸಂತೆಯ ದಿನ ಚಾಳೀಸು ಯಾರಿಗೆ, ಪೊರೆ ಯಾರಿಗೆ ಎಂದು ಬೇರ್ಪಡಿಸಬಲ್ಲಳು. ಪೊರೆಯವರು ಎತ್ತ ಹೋಗಬೇಕು, ಸತ್ಯಮಂಗಲ–ಕೊಯಮತ್ತೂರಿಗೋ ಚಾಮರಾಜನಗರ–ಮೈಸೂರಿಗೋ ಎನ್ನುವುದನ್ನು ರಾಜ್ಯದ ಗಡಿಗಿಂತ ಮನೆಯವರ ಅನುಕೂಲ, ಮಾತಾಡುವ ನುಡಿ ತೀರ್ಮಾನಿಸುವುದು ಒಳ್ಳೆಯದು. ನೋವಿಲ್ಲದೆ ಬದಿಯ ನೋಟವನ್ನು ಕದಿಯುವ ಗ್ಲುಕೋಮಾ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಆಗುವ ಹಾನಿ ಇವೆರಡನ್ನು ಮಾತ್ರ ಹಗ್ಗ ಮತ್ತು ಫಲಕ ಹಿಡಿಯಲಾರವು. ಅವುಗಳಲ್ಲಿ ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ, ಹಾಗಾಗಿ ಯಂತ್ರವಿರುವ ಕಡೆ ಒಮ್ಮೆ ತೋರಿಸಿಕೊಳ್ಳಲೇಬೇಕು.

ಇನ್ನುಳಿದದ್ದು ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಕಾರ್ನಿಯಾ. ಭತ್ತದ ಸುಂಕು, ಕಡ್ಡಿ, ಎಲೆಯ ಅಂಚು ತಾಗಿ ಗಾಯವಾಗಿ ಕೀವಾದರೆ ಅದು ಬಿಳಿಯಾಗಿ ಕುರುಡು ಬರುತ್ತದೆ. ಹೊಲದಲ್ಲಿ ದುಡಿಯುವವರಿಗೆ ಇದು ಸದಾ ಇರುವ ಅಪಾಯ. ಇದಕ್ಕೆ ಕಾರ್ಖಾನೆಯ ಮಸೂರ ಒದಗದು, ಸತ್ತವರ ಕಣ್ಣೇ ಬೇಕು. ಎಡ್ವರ್ಡ್ ಜಿರ್ಮ್ 1905ರಲ್ಲಿ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದಂದಿನಿಂದ ಈ ಅವಲಂಬನೆ ಮುಂದುವರಿದಿದೆ. ತಾಳವಾಡಿ ಸೀಮೆಗೂ ನೇತ್ರದಾನಕ್ಕೂ ಇರುವ ನಂಟನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಈ ಸೀಮೆಯ ಗಾಜನೂರಿನ ನಟ ರಾಜ್‌ಕುಮಾರ್ 1954ರಲ್ಲಿ ನಾಯಕನಾಗಿ ಮೊದಲು ನಟಿಸಿದ ‘ಬೇಡರ ಕಣ್ಣಪ್ಪ’ ದೇವರಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡನ ಕಥೆ. ತಮಿಳರ ಪೆರಿಯಪುರಾಣಕ್ಕೂ ಕನ್ನಡದ ಶಿವಭಕ್ತಿ ಪರಂಪರೆಗೂ ಸೇರಿದ ಕಥೆ. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕು ಆರಂಭವಾದಾಗ ಅವರು ಕುಟುಂಬದ ಕಣ್ಣುಗಳನ್ನು ವಾಗ್ದಾನ ಮಾಡಿದರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಊರೆಲ್ಲ ಗಲಭೆಯಾಗಿದ್ದರೂ ಆ ಮಾತು ನಡೆಯಿತು. 2017ರಲ್ಲಿ ಪತ್ನಿ ಪಾರ್ವತಮ್ಮನವರ, 2021ರ ಅಕ್ಟೋಬರಿನಲ್ಲಿ ಮಗ ಪುನೀತ್ ಅವರ ಕಣ್ಣುಗಳೂ ದಾನವಾದವು. ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಮುಂಪದರ, ಹಿಂಪದರವೆಂದು ಸೀಳಿ ನಾಲ್ವರಿಗೆ ಜೋಡಿಸಲಾಯಿತು. ಪದರದಲ್ಲಿ ಹಾಳಾದ ಭಾಗವನ್ನಷ್ಟೇ ಬದಲಿಸುವ ಈ ವಿಧಾನದಿಂದ ಒಬ್ಬ ದಾನಿಯಿಂದ ಇಬ್ಬರಿಗೆ ಬದಲು ನಾಲ್ವರಿಗೆ ದೃಷ್ಟಿ ಸಿಗುವುದು ಸಾಧ್ಯವಾಗಿದೆ.

ವಾಗ್ದಾನದ ಚೀಟಿಯೊಂದೇ ಕಣ್ಣನ್ನು ತಲುಪಿಸುವುದಿಲ್ಲ. ಸಾವಾದ ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಆ ದುಃಖದ ನಡುವೆ ಮನೆಯವರಲ್ಲಿ ಒಬ್ಬರು ನೇತ್ರ ಬ್ಯಾಂಕಿಗೆ ಫೋನು ಮಾಡಬೇಕು. ತಂಡ ಬರುವವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ಫ್ಯಾನು ಆರಿಸಬೇಕು, ತಲೆಯನ್ನು ದಿಂಬಿನ ಮೇಲೆ ಕೊಂಚ ಎತ್ತರಿಸಬೇಕು. ತೆಗೆಯುವ ಕೆಲಸಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಮುಖ ವಿಕಾರವಾಗುವುದಿಲ್ಲ. ಬೆಟ್ಟದ ಮೇಲಿನ ಊರಿಗೆ ಆರು ಗಂಟೆ ದೊಡ್ಡ ಅವಧಿಯಲ್ಲ. ಹತ್ತಿರದ ಆಸ್ಪತ್ರೆಯಲ್ಲೇ ತರಬೇತಾದ ಒಬ್ಬರಿದ್ದರೆ ಮಾತ್ರ ಸಮಯ ಹೊಂದುತ್ತದೆ. ದಾನಿಯ ವಯಸ್ಸಿಗೆ ಮಿತಿಯಿಲ್ಲ. ಕನ್ನಡಕ ಹಾಕುತ್ತಿದ್ದವರೂ ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಕೊಡಬಹುದು, ಏಕೆಂದರೆ ಹಾಳಾಗಿದ್ದದ್ದು ಮಸೂರ, ಬೇಕಾಗಿರುವುದು ಕಾರ್ನಿಯಾ.